ಗಂಟು ಹಾಕಿದ ವೈರು

ಪಂಪ್‌ಸೆಟ್ ರಿಪೇರಿಗೆಂದು ಹೊಳೆಮಣ್ಣೂರಿಗೆ ಹೋದ ದಿನವೇ ಮಲಪ್ರಭೆಯ ನೀರು ರಸ್ತೆಗೆ ಬಂತು. ನನ್ನನ್ನು ಕರೆಸಿದ್ದ ಬಸಪ್ಪನವರ ಮಗಳಿಗೆ ಆಗಲೇ ಹೆರಿಗೆ ನೋವು. ನೀರು ದಾಟಿ ರೋಣದ ದವಾಖಾನೆ ಮುಟ್ಟಲು ನಾಲ್ಕೂ ಗಾಲಿ ಎಳೆಯುವ ಅವರ ಹಳೇ ಫೋರ್‌ವ್ಹೀಲ್ ಡ್ರೈವ್ ಟ್ರಕ್ಕೇ ಗತಿ. ಅದೋ, ಕೀಲಿ ತಿರುವಿದರೆ ಟಕ್ ಅಂತಲೂ ಅನ್ನಲಿಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚಿದೆ. ಒಳಗಿದ್ದ ವೈರುಗಳೆಲ್ಲ ಕೆಂಪು.

"ಯಾವ ಹುಚ್ಚ ಮಾಡ್ಯಾನ್ರಿ ಈ ವೈರಿಂಗ್?" ಅಂದೆ.

"ನಮ್ಮಪ್ಪಾರು," ಅಂದರು ಬಸಪ್ಪನವರು.

ಅವರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಅಜ್ಜನಿಗೀಗ ಕಣ್ಣು ಮಂಜು.

"ಅಂಗಡ್ಯಾಗ ಕೆಂಪ ಅಷ್ಟ ಇತ್ತಪಾ," ಎನ್ನುತ್ತ ನನ್ನನ್ನು ಸರಿಸಿ ಒಳಗೆ ಕೈ ಹಾಕಿದರು. "ಒಂದ ಗಂಟಿದ್ದದ್ದು ಲೈಟಿಂದು. ಎರಡ ಗಂಟಿದ್ದದ್ದು ಹಾರ್ನಿಂದು. ಮೂರ ಗಂಟಿಂದು ಬ್ಯಾಟರಿಯಿಂದ ಬರತೈತಿ. ಹಾಂ, ಇದ ನೋಡು, ಹರದೈತಿ."

ಖರೇ, ಗಂಟಿನ ಆಚೆ ಇಲಿ ಕಡಿದಿತ್ತು. ತುದಿ ಜೋಡಿಸಿ ಟೇಪ್ ಸುತ್ತಿದೆ. ಟ್ರಕ್ಕು ಗುಡುಗಿತು. ಬಸಪ್ಪನವರು ಮಗಳನ್ನು ಕೂರಿಸಿಕೊಂಡು ನೀರಿಗಿಳಿದರು. ಸಂಜೆ ಫೋನು ಬಂತು: ಹೆಣ್ಣು ಮಗು, ಇಬ್ಬರೂ ಆರಾಮ.

ಅಲ್ಲೀತನಕ ಅಜ್ಜನೂ ನಾನೂ ಕಟ್ಟೆಯ ಮೇಲೇ ಕೂತಿದ್ದೆವು. ಫೋನಿಟ್ಟ ಮೇಲೆ ಅಜ್ಜ ಕೇಳಿದರು, "ಈ ಕೆಲಸ ಎಷ್ಟ ವರ್ಷ ಕಲ್ತೀಪಾ?"

"ಐಟಿಐದಾಗ ಎರಡ ವರ್ಷರಿ."

"ಗಂಟ ಹಾಕೂದು ಹೇಳಿಕೊಡಲಿಲ್ಲೇನು?"

"ಇಲ್ರಿ," ಅಂದೆ. ನಿಜಕ್ಕೂ ಹೇಳಿಕೊಟ್ಟಿರಲಿಲ್ಲ.