ಅಂಬಲಿಯೊಳಗಿನ ಪುಡಿ

ಶಾಂತಾ, ಆ ಕರಿ ಕೂದಲಿನ ಉಂಡೆಯನ್ನು ಮದ್ದು ತೆಗೆಯುವವನ ಬೆರಳ ಸಂದಿಯಲ್ಲಿ ನಾನು ಮೊದಲೇ ನೋಡಿದ್ದೆ. ಅತ್ತೆ ವಾಂತಿ ಮಾಡಿಕೊಳ್ಳುವುದಕ್ಕೂ ಮೊದಲು. ಅದು ಅವರ ಹೊಟ್ಟೆಯಿಂದ ಬಂದದ್ದಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನನ್ನು ಮನೆ ಬಿಡಿಸಿದರು.

ಎರಡು ಸಾವಿರದ ಐದನೇ ಇಸವಿಯ ಸುಮಾರು. ನೀನು ನನ್ನ ಮೈದುನನ ಹೆಂಡತಿಯಾಗಿ ರಾಣೆಬೆನ್ನೂರಿನಿಂದ ಬ್ಯಾಡಗಿಯ ನಮ್ಮ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಅತ್ತೆಗೆ ಟೈಫಾಯ್ಡ್ ಬಂದು ಹೋಗಿ ಮೈಯೆಲ್ಲ ಇಳಿದಿತ್ತು. ನಾವು ಮೆಣಸಿನಕಾಯಿ ಆರಿಸುವ ಗದ್ದಲದಲ್ಲಿದ್ದೆವು. ನೀನೊಬ್ಬಳೇ ಅವರನ್ನು ಹಾವೇರಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಬಂದ ಮೇಲೆ ನಿನ್ನ ನಡೆ ಬದಲಾಯಿತು — ಹಾಗೆಂದು ನನಗೆ ಕಂಡಿತು. ಅತ್ತೆಯ ಅಂಬಲಿಯನ್ನು ನೀನೇ ಕಾಯಿಸುವೆ. ಆರುವ ತನಕ ಕಾಯುವೆ. ಆಮೇಲೆ ಸೆರಗಿನ ಮರೆಯಲ್ಲಿ ಒಂದು ಚಮಚ ಬಿಳಿ ಪುಡಿ. ಅಳೆದು, ಒಂದೇ ಚಮಚ. ಯಾಕೆ ಅಳೆಯಬೇಕು? ಬಿಸಿ ಇದ್ದಾಗಲೇ ಯಾಕೆ ಹಾಕಬಾರದು? ಬಟ್ಟಲು ಮೂಸಿದೆ, ಎಂಥದೋ ಕಮಟು ವಾಸನೆ. ಹದಿನಾಲ್ಕು ವರ್ಷ ಆ ಒಲೆಯ ಮುಂದೆ ಬೆಂದವಳು ನಾನು, ಅತ್ತೆಗೆ ಮಾತ್ರ "ಶಾಂತಾನ ಕೈಯಾಗಿನ ಅಂಬಲಿನ ಬೇಕು." ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ.

"ನಿಮ್ಮವ್ವಗ ಆಕಿ ಮದ್ದು ಹಾಕಾಕತ್ತಾಳ," ಎಂದು ಗಂಡನಿಗೆ ಹೇಳಿದೆ. ವಶ ಮಾಡಿಕೊಳ್ಳಲು ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರೆಂಬ ಮಾತು ನಮ್ಮ ಕಡೆ ಒಮ್ಮೆ ಬಾಯಿಂದ ಬಿದ್ದರೆ ಮುಗಿಯಿತು.

ಮದ್ದು ಕಾರಿಸಿ ತೆಗೆಯುವವನಿದ್ದ ಹೊಳೆದಂಡೆಯ ಹಳ್ಳಿಯೊಂದಕ್ಕೆ ಅತ್ತೆಯನ್ನು ಕರೆದುಕೊಂಡು ಹೋದೆವು. ಆ ಮನುಷ್ಯ ಬೇರು ಅರೆದು ಕುಡಿಸಿದ. ಅತ್ತೆಯ ಬೆನ್ನು ಹಿಡಿದು ಬಗ್ಗಿ ನಿಂತಿದ್ದವಳು ನಾನು. ಅವನ ಕೈ ನನಗೊಬ್ಬಳಿಗೇ ಕಾಣುತ್ತಿತ್ತು. ಪಾಪ, ಅತ್ತೆ ಕರುಳು ಬಾಯಿಗೆ ಬರುವಷ್ಟು ಕಾರಿಕೊಂಡರು. ಅವನು ವಾಂತಿಯಲ್ಲಿ ಕೈಯಾಡಿಸಿ, ಹಾಕಿದ್ದ ಮದ್ದು ಇದೇ ಎಂದು ಉಂಡೆ ಎತ್ತಿ ತೋರಿಸಿದ. ನಾನು ಬಾಯಿ ತೆರೆಯಬೇಕಿತ್ತು —

ಮನೆಗೆ ಬಂದು, ಹಿರಿಯರನ್ನು ಕೂರಿಸಿ, ನಿನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದರು. ನೀನು ಡಬ್ಬಿ ತಂದು ನನ್ನ ಮುಂದೆಯೇ ಇಟ್ಟೆ.

"ಅಕ್ಕಾ, ಇದು ಮೈಗೆ ಶಕ್ತಿ ಬರಲಿ ಅಂತ ಡಾಕ್ಟರ್ ಬರದುಕೊಟ್ಟ ಅಮೈನೋ ಆಸಿಡ್ ಪುಡಿ. ಡಬ್ಬಿ ಪುಡಿಯೊಳಗ ತತ್ತಿ ಇರತೈತಿ ಅಂತ ಅತ್ತಿ ಮುಟ್ಟೂದಿಲ್ಲ, ಅದಕ್ಕ ಹೇಳದ ಹಾಕಿದೆ. ತತ್ತಿ ಇಲ್ಲ ಅನ್ನೂ ಹಸಿರು ಚುಕ್ಕಿ ಐತಿ ನೋಡ್ರಿ. ಬೇಕಾದ್ರ ಹಾವೇರಿಗೆ ಹೋಗಿ ಕೇಳ್ರಿ."

"ಡಬ್ಬಿ ಖರೇ ಇರಬಹುದು. ಒಳಗಿಂದು?" ಎಂದವಳು ನಾನೇ. ಉಂಡೆ ಕಣ್ಣಾರೆ ಕಂಡ ಮೇಲೆ ಹಾವೇರಿಗೆ ಯಾರು ಹೋಗುತ್ತಾರೆ? ಮರುದಿನ ನಿನ್ನಣ್ಣ ಬಂದು ನಿನ್ನನ್ನು ಕರೆದುಕೊಂಡು ಹೋದ.

ತಿಂಗಳೊಳಗೆ ಅತ್ತೆ ಹಾಸಿಗೆ ಹಿಡಿದರು. ನನಗೆ ಭಯ ಹತ್ತಿತು. ಯಾರಿಗೂ ಹೇಳದೆ ಆ ಡಾಕ್ಟರನ್ನು ಹುಡುಕಿಕೊಂಡು ಹೋದೆ.

"ಮೊದಲ ಬಂದಿದ್ದ ಸೊಸಿ ಎಲ್ಲಿ?" ಎಂದರು ಅವರು. "ಯಾವುದರ ಜೋಡಿ ಕೊಡಬೇಕು, ಯಾವುದರ ಜೋಡಿ ಕೊಡಬಾರದು, ಎಲ್ಲಾ ಕೇಳಿ ಬರಕೊಂಡು ಹೋಗಿದ್ದಳು. ನೀವೂ ಕೇಳ್ರಿ. ಕುದಿಯೂದಕ್ಕ ಹಾಕಬ್ಯಾಡ್ರಿ, ಉಗುರುಬೆಚ್ಚಗಾದ ಮ್ಯಾಲ ಒಂದ ಚಮಚ. ಜಾಸ್ತಿ ಹಾಕಿದರ ಹೊಟ್ಟಿ ಕೆಡತೈತಿ. ಸ್ವಲ್ಪ ಕಮಟು ವಾಸನಿ ಬರತೈತಿ, ಅದು ಪುಡಿದ ಗುಣಾನ ಹಂಗ. ಬ್ಯಾರೆ ಶಕ್ತಿ ಪುಡಿ ಕೂಡಿಸಬ್ಯಾಡ್ರಿ. ಕಿಡ್ನಿ ಚಲೋ ಅದಾವು ಅಂತ ತಪಾಸಣಾ ಮಾಡೇ ಬರದೇನಿ."

ನನ್ನ ಒಂದೊಂದು ಅನುಮಾನಕ್ಕೂ ಅಲ್ಲಿ ಉತ್ತರವಿತ್ತು. ಅದೇ ಡಬ್ಬಿ ತಂದೆ. ನಿನ್ನ ಹಾಗೆಯೇ ಅಂಬಲಿ ಆರಿಸಿ, ನಿನ್ನ ಹಾಗೆಯೇ ಸೆರಗು ಮರೆಮಾಡಿ, ಒಂದು ಚಮಚ ಬೆರೆಸಿದೆ. ನನ್ನನ್ನು ಯಾರೂ ಮೂಸಿ ನೋಡಲಿಲ್ಲ. ಅತ್ತೆ ಎದ್ದು ಕುಳಿತರು, ಓಡಾಡಿದರು. ನಿನ್ನ ಗಂಡನಿಗೆ ಬೇರೆ ಮದುವೆಯಾಯಿತು. ಅಕ್ಷತೆ ಹಾಕಿ ಬಂದೆ.

ನೀನು ರಾಣೆಬೆನ್ನೂರಿನಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದೀ ಎಂದು ಕೇಳಿದ್ದೇನೆ. ಮದ್ದು ಹಾಕುವವಳೆಂದು ಇಂದಿಗೂ ನಿನ್ನ ಕೈಯ ಚಹಾ ಕುಡಿಯದವರಿದ್ದಾರೆ ಎಂದೂ ಕೇಳಿದ್ದೇನೆ. ಅಂದು ಪಡಸಾಲೆಯಲ್ಲಿ ಕುಳಿತವರಲ್ಲಿ ಮೂವರು ಉಳಿದಿದ್ದಾರೆ. ನಾಳೆ ಅವರ ಮನೆ ಮನೆಗೆ ಹೋಗಿ ಕಂಡದ್ದನ್ನು ಹೇಳುತ್ತೇನೆ.

ಆದರೆ ಅತ್ತೆಗೆ ಹೇಳುವ ಕಾಲ ಮೀರಿತು. ಬದುಕಿರುವ ತನಕ ಅವರು ಬಂದವರೆದುರು ನನ್ನ ಕೈ ಹಿಡಿದು ಹೇಳುತ್ತಿದ್ದರು — "ಆಕಿ ಕೊಲ್ಲಾಕ ಬಂದಾಕಿ. ಈಕಿ ಉಳಿಸಿದಾಕಿ." ನಾನು ಆ ಕೈ ಬಿಡಿಸಿಕೊಳ್ಳಲಿಲ್ಲ.