ಮೊದಲು ಗುಡ್ಡಕ್ಕೆ

ಬೆಳಗಿನ ಐದು ಗಂಟೆ. ವಿಶಾಖಪಟ್ಟಣದ ಗಾಜುವಾಕದಲ್ಲಿ ರಾತ್ರಿ ಪಾಳಿಯವರನ್ನು ಹೊತ್ತ ಕಾರ್ಖಾನೆ ಬಸ್ಸುಗಳು ಮರಳುತ್ತಿವೆ. ರಸ್ತೆ ಬದಿಯ ಗುಂಡಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತ ಅಣ್ಣಪ್ಪ, ಉದ್ದನೆಯ ಕಬ್ಬಿಣದ ಕೀಲಿಯನ್ನು ವಾಲ್ವಿಗೆ ಇಳಿಸಿ ನಾಲ್ಕು ಸುತ್ತು ತಿರುಗಿಸುತ್ತಾರೆ. ಆಮೇಲೆ ಕೀಲಿಯ ತುದಿಗೆ ಕಿವಿಯಿಟ್ಟು ಆಲಿಸುತ್ತಾರೆ.

"ಪೈಪಿನಾಗ ರಾತ್ರಿ ಗಾಳಿ ಕುಂತಿರ್ತದ್ರೀ. ಅದು ಹೋಗೂ ತನಕ ಸುಸ್ ಅಂತದ. ಆಮ್ಯಾಲ ಗುಂಯ್ ಅಂತದ. ಆಗ ಪೂರ್ತಿ ತೆಗೀಬೇಕು" ಎನ್ನುತ್ತಾರೆ.

ನಮ್ಮ ಕಡೆ ನೀರುಗಂಟಿ ಎನ್ನುವ ಕೆಲಸ ಇದು. ಉಕ್ಕಿನ ಕಾರ್ಖಾನೆ ಕಟ್ಟುವ ಕಾಲದಲ್ಲಿ ಪೈಪು ಹೂಳಲು ಮಾನ್ವಿಯಿಂದ ಬಂದ ಅಪ್ಪನ ಜೊತೆ ಅಣ್ಣಪ್ಪ ಇಲ್ಲಿಗೆ ಬಂದಾಗ ಆರು ವರ್ಷ. ಈಗ ಐವತ್ತು ದಾಟಿದೆ. ಗುತ್ತಿಗೆ ನೌಕರಿ, ಇಪ್ಪತ್ತೆರಡು ವರ್ಷದ ಸರ್ವೀಸು, ರಜೆ ಎಂಬುದು ಗೊತ್ತಿಲ್ಲ. ದಿನಕ್ಕೆ ಮೂವತ್ತೊಂದು ವಾಲ್ವು. ನಗರ ಮಾತ್ರ ಗುತ್ತಿಗೆಯ ಹಂಗಿಲ್ಲದೆ ಬೆಳೆಯುತ್ತಿದೆ.

ಈ ಗುಂಡಿಯಲ್ಲಿರುವುದು ಎರಡು ವಾಲ್ವು. ಒಂದು ಗುಡ್ಡದ ಮೇಲಿನ ನಲವತ್ತೊಂದು ಮನೆಗಳಿಗೆ, ಇನ್ನೊಂದು ಕೆಳಗೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳಿಗೆ. ಎರಡನ್ನೂ ಒಟ್ಟಿಗೆ ತೆರೆದರೆ ಕೆಳಗಿನ ಸಂಪುಗಳೇ ನೀರೆಲ್ಲ ಕುಡಿದುಬಿಡುತ್ತವೆ. ಹಾಗಾಗಿ ಮೊದಲು ಗುಡ್ಡ, ಮುಕ್ಕಾಲು ಗಂಟೆಯ ನಂತರ ಅಪಾರ್ಟ್‌ಮೆಂಟು. ಈ ನಿಯಮ ಯಾವ ಕಾಗದದಲ್ಲೂ ಇಲ್ಲ. "ಕೆಳಗಿನವರಿಗೆ ಸಂಪ್ ಐತಿ. ಮ್ಯಾಲಿನ ಮಂದಿಗೆ ಕೊಡ ಬಿಟ್ರ ಬ್ಯಾರೆ ಏನೈತ್ರೀ?"

ಒಮ್ಮೆ ಊರಿನಿಂದ ಬಂದ ಫೋನಿನಲ್ಲಿ ಮಾತಾಡುತ್ತಾ ಕೆಳಗಿನದನ್ನೇ ಮೊದಲು ತೆರೆದುಬಿಟ್ಟಿದ್ದರು. ಗುಡ್ಡದ ತುದಿಯ ಮನೆಯ ಹೈಮಾವತಿಯಮ್ಮ ಖಾಲಿ ಕೊಡಗಳನ್ನು ಹೊತ್ತಿಳಿದು, ಇವರ ಹೊಸ್ತಿಲ ಮುಂದೆ ಸಾಲಾಗಿಟ್ಟು ಹೋದರು. "ಬೈದಿದ್ರ ಮರ್ತುಬಿಡ್ತಿದ್ದೆ ರೀ. ಬೈಲಿಲ್ಲ." ಅಂದಿನಿಂದ ಕೆಲಸದ ಹೊತ್ತಿನಲ್ಲಿ ಫೋನು ಮನೆಯಲ್ಲೇ ಇರುತ್ತದೆ.

ಈಗ ವಾಲ್ವುಗಳಿಗೆ ಮೋಟಾರು ಬರುತ್ತಿದೆ. ಕಚೇರಿಯ ಕಂಪ್ಯೂಟರೇ ತೆರೆದು ಮುಚ್ಚುತ್ತದೆ. ಹೋದ ತಿಂಗಳು ಎರಡು ದಿನ ಪರೀಕ್ಷೆ ನಡೆಯಿತು. ಎರಡೂ ವಾಲ್ವು ಒಟ್ಟಿಗೆ ತೆರೆದುಕೊಂಡವು, ಎರಡೂ ದಿನ ಗುಡ್ಡಕ್ಕೆ ಹನಿ ನೀರು ಏರಲಿಲ್ಲ. ಮೋಟಾರು ಕೂರಿಸುವ ಕಂಪನಿಯಿಂದ ಎಂಟು ತಿಂಗಳ ಮಟ್ಟಿಗೆ ಬಂದಿರುವ ದಾವಣಗೆರೆಯ ಎಂಜಿನಿಯರ್ ತನುಶ್ರೀ ಅಣ್ಣಪ್ಪನವರನ್ನು ಹುಡುಕಿಕೊಂಡು ಬಂದರು. "ಅಣ್ಣಾ, ನೀವು ಹೆಂಗೆ ಬಿಡ್ತೀರಿ, ಒಂಚೂರು ಹೇಳ್ರಿ."

ಮೋಟಾರು ಸರಿಹೋದ ದಿನ ನೀರುಗಂಟಿಗಳ ಗುತ್ತಿಗೆ ಮುಗಿಯುತ್ತದೆ. ಇದು ಅಣ್ಣಪ್ಪನವರಿಗೆ ಗೊತ್ತಿತ್ತು. ಆದರೂ ಸುತ್ತು, ನಿಮಿಷ, ಗಾಳಿಯ ಸದ್ದು, ಎಲ್ಲವನ್ನೂ ಹೇಳಿ ಬರೆಸಿದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡರೆಂದು ಹೆಂಡತಿ ಪದ್ಮಾ ಎರಡು ದಿನ ಮಾತು ಬಿಟ್ಟರು. ನನಗೂ ಹಾಗೇ ಅನ್ನಿಸಿತು, ಬೇಸರವೂ ಆಯಿತು.

"ಹೇಳದಿದ್ರ ನನ್ನ ನೌಕ್ರಿ ಉಳೀತಿತ್ತೇನೋ. ಗುಡ್ಡ ಒಣಗತಿತ್ತಲ್ರೀ" ಎನ್ನುತ್ತಾರೆ ಅವರು.

ಮಾರ್ಚಿಗೆ ಕೆಲಸ ಮುಗಿಯುತ್ತದೆ. ಆಮೇಲೇನು ಎಂದು ಕೇಳಿದರೆ ನಗುತ್ತಾರೆ.

"ಪರವಾಲೇದಂಡಿ, ಪರವಾಗಿಲ್ರೀ. ಈ ಬಾಡಿಗಿ ಕಟ್ಟಾಕ ಆಗಂಗಿಲ್ಲ, ಗುಡ್ಡದ ಮ್ಯಾಲ ಕಡಿಮಿಗೆ ಒಂದು ಮನಿ ನೋಡೀನಿ. ಅಲ್ಲಿ ನೀರಿಗೇನೂ ತ್ರಾಸಿಲ್ಲ."