ಹಿಂದಿನ ಸೀಟಿನ ಕಾಲುಗಳು

ಮೊದಲು ಅನುಮಾನ ಬಂದದ್ದು ಶೂಗಳ ಮೇಲೆ.

ಹೊಸ ಶೂಗಳು. ಕೆಂಪು ಬಣ್ಣದವು. ಅಡಿಯಲ್ಲಿರುವ ಕ್ಲಿಪ್ಪು ಸೈಕಲ್ಲಿನ ಪೆಡಲನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬಿಡುತ್ತದೆ. ಆಸೆಪಟ್ಟು ಕೊಂಡಿದ್ದೆ. 2015ರ ಆಗಸ್ಟ್, ಅಡಿಲೇಡಿನಲ್ಲಿ ಚಳಿಗಾಲ ಮುಗಿಯುತ್ತಿತ್ತು. ಶನಿವಾರದ ಗುಡ್ಡ ಹತ್ತಿ ಇಳಿದು ಮನೆಗೆ ಬಂದು ಶೂ ಬಿಚ್ಚಿದರೆ ಬೆರಳುಗಳೆಲ್ಲ ಜುಮ್ಮೆನ್ನುತ್ತಿದ್ದವು. ಹೊಸ ಶೂ ಅಲ್ಲವೇ, ಬಿಗಿ ಇರಬೇಕು ಅಂದುಕೊಂಡೆ. ಪಟ್ಟಿ ಸಡಿಲಿಸಿದೆ. ಮಾರನೆಯ ದಿನವೂ ಜುಮ್ಮೆಂದಿತು. ಕ್ಲಿಪ್ಪನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಪಾದ ಮರಗಟ್ಟಿತು. ಒಳಗಿನ ಮೆತ್ತೆ ಬದಲಿಸಿದೆ. ಸೈಕಲ್ ಹುಚ್ಚಿನವರೆಲ್ಲ ಹೀಗೆಯೇ. ತಲೆನೋವು ಬಂದರೂ ಸೀಟಿನ ಎತ್ತರ ಅಳೆಯುತ್ತೇವೆ.

ಎರಡು ವಾರದ ಹಿಂದೆ ಹೊಟ್ಟೆ ಕೆಟ್ಟು ಮಲಗಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಯಾರಿಗೆ ಗೊತ್ತು?

ಮುಂದಿನ ಶನಿವಾರ ನಮ್ಮ ಸೈಕಲ್ ಗುಂಪಿನ ಹೆಲೆನ್ ಜೊತೆ ಸಿಗ್ನಲ್ಲಿನಲ್ಲಿ ನಿಂತೆ. ನಿಂತೆ ಎಂದರೆ ತಪ್ಪು. ಸೈಕಲ್ ನಿಂತಿತು, ಹಿಮ್ಮಡಿ ತಿರುಗಲಿಲ್ಲ. ಶೂ ಪೆಡಲಿಗೆ ಕಚ್ಚಿಕೊಂಡಂತೆಯೇ, ಕಡಿದ ಬಾಳೆಗಿಡದ ಹಾಗೆ, ನಿಧಾನವಾಗಿ ಪಕ್ಕಕ್ಕೆ ಒರಗಿದೆ. ಹೆಲೆನ್ ನಕ್ಕಳು. ನಾನೂ ನಕ್ಕೆ. ಈ ಶೂ ಹಾಕುವವರೆಲ್ಲ ಒಮ್ಮೆಯಾದರೂ ಹೀಗೆ ಬಿದ್ದವರೇ.

ಏಳಲು ಹೋದೆ. ಕಾಲು ಏಳಲಿಲ್ಲ.

ಹೆಲೆನ್ ಎಬ್ಬಿಸಿ ಮನೆಗೆ ತಂದು ಬಿಟ್ಟ ಮೇಲೂ ನನ್ನ ಗಂಡ ರಘು ಎದುರು ಶೂಗಳನ್ನೇ ಬೈಯುತ್ತಿದ್ದೆ. ರಘು ಸೋಫಾದ ಮನುಷ್ಯ. ಸೈಕಲ್ ಎಂದರೆ ಅವರಿಗೆ ಮೈಸೂರಿನಲ್ಲಿ ಹೈಸ್ಕೂಲಿನ ದಿನಗಳ ಗಂಟೆ ಬಾಡಿಗೆಯ ಸೈಕಲ್, ಅಷ್ಟೇ. ಮಾಸನ್ ಲೇಕ್ಸಿನ ನಮ್ಮ ಮನೆಯ ಮೆಟ್ಟಿಲನ್ನು ನಾನು ಕಂಬಿ ಹಿಡಿದು, ಕೈಯಿಂದ ಮೈ ಎಳೆದುಕೊಂಡು ಹತ್ತುವುದನ್ನು ಅವರು ಕೆಳಗಿನಿಂದ ನೋಡಿದರು. ಟಿವಿ ಆರಿಸಿದರು.

"ಗೀತಾ, ಇದು ಶೂ ಅಲ್ಲ ಕಣೇ. ಇಳಿ, ಎಮರ್ಜೆನ್ಸಿಗೆ ಹೋಗೋಣ."

"ಸೋಮವಾರ ನಮ್ಮ ಜಿಪಿ ಡಾಕ್ಟರ್ ಹತ್ರ ತೋರಿಸ್ತೀನಿ ಬಿಡಿ."

"ಸರಿ, ನೀನು ಹೇಳಿದ್ ಹಾಗೇ ಆಗ್ಲಿ. ಆ ಮೆಟ್ಲು ಒಂದು ಇಳಿದು ತೋರಿಸು."

ಇಳಿಯಲಾಗಲಿಲ್ಲ. ಕಾರಿನವರೆಗೆ ಎತ್ತಿಕೊಂಡು ಹೋದರು.

ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಗೆ ಬಡಿದರು. ಕಾಲು ಸುಮ್ಮನಿತ್ತು. ಇನ್ನೊಂದು ಮಂಡಿಗೆ ಬಡಿದರು. ಅದೂ ಸುಮ್ಮನಿತ್ತು. ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷಿಸಿದರು. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು. ಕೊನೆಗೆ ನ್ಯೂರಾಲಜಿಸ್ಟ್ ಹಾಸಿಗೆಯ ಪಕ್ಕ ಕುಳಿತು, ಗೀಯಾನ್-ಬಾರೆ ಸಿಂಡ್ರೋಮ್ ಎಂದರು. ಸೋಂಕಿನ ವಿರುದ್ಧ ಹೋರಾಡಲು ಹೊರಟ ಮೈ ದಾರಿ ತಪ್ಪಿ ತನ್ನ ನರಗಳ ಹೊದಿಕೆಯನ್ನೇ ಹರಿಯುತ್ತದಂತೆ. ಪಾದದಿಂದ ಶುರುವಾಗಿ ಮೇಲಕ್ಕೆ ಬರುತ್ತದೆ. ಎಲ್ಲಿಯವರೆಗೆ ಬರುತ್ತದೆ ಎಂದು ಹೇಳಲಾಗದು. ಬಹಳಷ್ಟು ಜನ ಮತ್ತೆ ನಡೆಯುತ್ತಾರೆ.

"ಇದೆಂಥ ಹೆಸರು ಡಾಕ್ಟರ್?"

"ಫ್ರೆಂಚ್."

ನನಗೂ ರಘುವಿಗೂ ಒಟ್ಟಿಗೆ ನಗು ಬಂತು. ಡಾಕ್ಟರಿಗೆ ಗಾಬರಿಯಾಗಿರಬೇಕು. ನಗದೆ ಏನು ಮಾಡುವುದು? ಮುಂದಿನ ವರ್ಷ ಅಲ್ಲಿನ ಬೇಸಿಗೆಗೆ ಹೆಲೆನ್ ಗುಂಪಿನ ಜೊತೆ ನೈಋತ್ಯ ಫ್ರಾನ್ಸಿನ ಹಳ್ಳಿಗಳಲ್ಲಿ ಸೈಕಲ್ ಹೊಡೆಯಲು ನಾನು ವರ್ಷದಿಂದ ತಯಾರಾಗುತ್ತಿದ್ದೆ. ಊರೂರಿನ ನಕ್ಷೆ ಫ್ರಿಜ್ಜಿನ ಬಾಗಿಲಿಗಿತ್ತು. ಅಲ್ಲಿನ ಊರುಗಳೆಲ್ಲ ಗುಡ್ಡದ ನೆತ್ತಿಯ ಮೇಲೆ. ಯಾವ ಊರಿಗೆ ಹೋಗಬೇಕಾದರೂ ಹತ್ತಲೇಬೇಕು. ನಾನು ಫ್ರಾನ್ಸಿಗೆ ಹೋಗುವ ಮೊದಲು ಫ್ರಾನ್ಸೇ ನನ್ನ ಹತ್ತಿರ ಬಂದಿತ್ತು.

ಆಮೇಲಿನ ದಿನಗಳಲ್ಲಿ ಅದು ಸೊಂಟಕ್ಕೆ ಬಂತು. ಕೈಗೆ ಬಂತು. ತಟ್ಟೆಯಿಂದ ಒಂದು ತುತ್ತು ಎತ್ತಲಾಗದೆ ಅತ್ತೆ. ಉಸಿರಾಟದ ಸ್ನಾಯುಗಳಿಗೂ ಬಂದರೆ ಐಸಿಯು, ವೆಂಟಿಲೇಟರ್. ಅದಕ್ಕಾಗಿ ನರ್ಸು ಆಗಾಗ ಬಂದು ಒಂದು ಕೊಳವೆಗೆ ಜೋರಾಗಿ ಊದಿಸುತ್ತಿದ್ದಳು. ಪರದೆಯ ಮೇಲೆ ಅಂಕಿ ಬರುತ್ತಿತ್ತು. ರಘು ಅದನ್ನು ಕ್ರಿಕೆಟ್ ಸ್ಕೋರಿನ ಹಾಗೆ ಕಾಯುತ್ತಿದ್ದರು. ಅಂಕಿ ಇಳಿಯುತ್ತಾ ಹೋಯಿತು, ಒಂದು ಕಡೆ ನಿಂತಿತು, ಅಲ್ಲಿಂದ ಕೆಳಗಿಳಿಯಲಿಲ್ಲ. ಡ್ರಿಪ್ಪಿನಲ್ಲಿ ಹನಿಯುತ್ತಿದ್ದ ಇಮ್ಯೂನೋಗ್ಲಾಬ್ಯುಲಿನ್ ಎಂಬ ಔಷಧ ಎಷ್ಟೋ ಜನ ಕೊಟ್ಟ ರಕ್ತದಿಂದ ತಯಾರಾದದ್ದು ಎಂದು ನರ್ಸ್ ಹೇಳಿದಳು. ಅವರಲ್ಲಿ ಯಾರ ಮುಖವೂ ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ, ಟ್ರಾಮಿನಲ್ಲಿ ಈಗಲೂ ಅಪರಿಚಿತರನ್ನು ಕಂಡರೆ, ನೀವೇ ಇರಬಹುದೇನೋ ಅನ್ನಿಸುತ್ತದೆ.

ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ವಾರ್ಡಿಗೆ ಕಳುಹಿಸಿದಾಗ ವೀಲ್‌ಚೇರ್ ಬಂತು. ನವರಾತ್ರಿಯೂ ಬಂತು.

ಆಯುಧಪೂಜೆಯ ದಿನ ರಘು ಮತ್ತು ಮಗಳು ಇಶಾ ಒಂದು ಚೀಲ ಹಿಡಿದು ವಾರ್ಡಿಗೆ ಬಂದರು. ಪ್ರತಿವರ್ಷ ಗ್ಯಾರೇಜಿನಲ್ಲಿ ಕಾರಿಗೆ, ನನ್ನ ಸೈಕಲ್ಲಿಗೆ ಪೂಜೆ ಮಾಡುವುದು ಮನೆಯ ಪದ್ಧತಿ. ಈ ಸಲ ರಘು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ವೀಲ್‌ಚೇರಿನ ಚಕ್ರ ಒರೆಸಿದರು. ಅರಿಶಿನ ಕುಂಕುಮ ಹಚ್ಚಿದರು. ಹಿಡಿಕೆಗೆ ಸೇವಂತಿಗೆ ಕಟ್ಟಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು.

"ಅದನ್ನ ಅಳಿಸ್ರೀ! ಇದು ನಂದಲ್ಲ. ಪೂಜೆ ಮಾಡಿ ಇಟ್ಕೊಳ್ಳೋಕೆ ಇದೇನು ನಮ್ಮನೆ ಗಾಡಿನಾ?"

"ಇಷ್ಟು ದಿನ ನಿನ್ನನ್ನ ಹೊತ್ಕೊಂಡು ಓಡಾಡಿದೆಯಲ್ಲೇ, ಅದಕ್ಕೆ ಒಂದು ಥ್ಯಾಂಕ್ಸ್ ಬೇಡ್ವಾ? ವಾಪಸ್ ಕೊಡೋವಾಗ ಮರ್ಯಾದೆಯಿಂದ ಕೊಡೋಣ."

ಇಶಾ ಮೆಲ್ಲಗೆ ಅಂದಳು, "ಇಟ್ ಲುಕ್ಸ್ ಪ್ರಿಟಿ, ಅಮ್ಮಾ."

ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಕ್ಯಾರನ್ ಒಳಗೆ ಬಂದಳು. ಕುಂಕುಮ ನೋಡಿದಳು, ಹೂವು ನೋಡಿದಳು, ಬಗ್ಗಿ ನಿಂಬೆಹಣ್ಣು ನೋಡಿದಳು. ಅದರ ಮೇಲೆ ಹರಿಸಿಕೊಂಡು ಮುಂದೆ ಹೋಗಬೇಕು ಎಂದು ರಘು ವಿವರಿಸಿದರು. "ಹಾಗಾದರೆ ಅವಳೇ ಚಕ್ರ ನೂಕಲಿ," ಎಂದಳು ಕ್ಯಾರನ್. ಆ ದಿನದ ವ್ಯಾಯಾಮವೇ ಅದಾಯಿತು. ಕೈಯಲ್ಲಿ ಜೀವ ಇನ್ನೂ ಅಷ್ಟಕ್ಕಷ್ಟೆ. ನೂಕಿದೆ, ಹಿಂದೆ ಬಂತು. ಮತ್ತೆ ನೂಕಿದೆ. ಹಲ್ಲು ಕಚ್ಚಿ, ರಘುವನ್ನು ಮನಸಾರೆ ಬೈಯುತ್ತಾ ನೂಕಿದೆ. ಪಚಕ್ಕೆಂದು ನಿಂಬೆಹಣ್ಣು ಒಡೆಯಿತು. ವಾರ್ಡಿನ ತುಂಬ ವಾಸನೆ ಹರಡಿತು. ಪಕ್ಕದ ಹಾಸಿಗೆಯ ಅಜ್ಜಿ ಚಪ್ಪಾಳೆ ತಟ್ಟಿದಳು. ನಾನೂ ನಕ್ಕುಬಿಟ್ಟೆ.

ವೀಲ್‌ಚೇರನ್ನು ಮರ್ಯಾದೆಯಿಂದಲೇ ವಾಪಸ್ ಕೊಟ್ಟೆವು. ವಾಕರ್ ಬಂತು, ಹೋಯಿತು. ಕೋಲು ಬಂತು, ಹೋಯಿತು. ಕೈಗೆ, ಸೊಂಟಕ್ಕೆ, ತೊಡೆಗೆ ಶಕ್ತಿ ಬಂತು. ಪಾದಗಳು ಮಾತ್ರ ಉಳಿದುಕೊಂಡವು. ಅಂಗಾಲಿನಲ್ಲಿ ಸ್ಪರ್ಶವಿಲ್ಲ. ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗದೆ ನಡೆದುಬಿಡುತ್ತಿದ್ದೆ. ಕಣ್ಣು ಮುಚ್ಚಿ ನಿಂತರೆ ವಾಲುತ್ತಿದ್ದೆ. ಸೈಕಲ್ಲಿನ ಮೇಲೆ ಒಂಟಿಯಾಗಿ ಹತ್ತುವುದು ಸದ್ಯಕ್ಕಂತೂ ಬೇಡ ಎಂದರು ಡಾಕ್ಟರು.

"ಟ್ಯಾಂಡೆಮ್?" ಎಂದಳು ಕ್ಯಾರನ್.

ಇಬ್ಬರು ಒಬ್ಬರ ಹಿಂದೆ ಒಬ್ಬರು ಕುಳಿತು ತುಳಿಯುವ ಸೈಕಲ್. ಹ್ಯಾಂಡಲ್, ಬ್ರೇಕು, ಗೇರು ಎಲ್ಲ ಮುಂದಿನವರ ಕೈಯಲ್ಲಿ. ಹಿಂದಿನವರಿಗೆ ಪೆಡಲು ಮತ್ತು ಮುಂದಿನವರ ಬೆನ್ನು, ಇಷ್ಟೇ. ನಮ್ಮಿಬ್ಬರಲ್ಲಿ ಸಮತೋಲನವಿದ್ದವರು ಯಾರು? ಸೋಫಾದ ಮನುಷ್ಯ.

ಹೈಸ್ಕೂಲಿನ ನಂತರ ಸೈಕಲ್ ಮುಟ್ಟದ ರಘು ಒಂದು ಹಳೆಯ ಟ್ಯಾಂಡೆಮ್ ಕೊಂಡು, ಗ್ಲೆನೆಲ್ಗ್‌ನ ಸಮುದ್ರದ ಪಕ್ಕದ ಸಪಾಟು ದಾರಿಯಲ್ಲಿ, ಹಿಂದೆ ನನ್ನನ್ನು ಕೂರಿಸಿಕೊಂಡು ಕಲಿತರು. ನಾನು ಹಿಂದಿನಿಂದ ಪಾಠ ಹೇಳುತ್ತಿದ್ದೆ. "ಗೇರ್ ಹಾಕಿ. ಈಗಲ್ಲ! ಬ್ರೇಕ್, ಬ್ರೇಕ್ ರೀ, ನಾಯಿ!" ಒಂದು ದಿನ ಅವರು ಸೈಕಲ್ ನಿಲ್ಲಿಸಿ, ತಿರುಗದೆಯೇ ಹೇಳಿದರು, "ಕಾರಲ್ಲಿ ಪಕ್ಕದಲ್ಲಿ ಕೂತು ಹೇಳ್ತಿದ್ದೆ. ಈಗ ಹಿಂದೆ ಕೂತು ಹೇಳ್ತೀಯ. ಪ್ರಮೋಷನ್ನೋ ಡಿಮೋಷನ್ನೋ?"

ಆದರೆ ಖುಷಿಯ ಅಡಿಯಲ್ಲಿ ಒಂದು ಮುಳ್ಳಿತ್ತು. ಟ್ಯಾಂಡೆಮ್‌ನಲ್ಲಿ ಇಬ್ಬರ ಪೆಡಲುಗಳನ್ನೂ ಒಂದೇ ಚೈನು ಕಟ್ಟಿಹಾಕಿರುತ್ತದೆ. ಒಬ್ಬರು ತುಳಿದರೆ ಇನ್ನೊಬ್ಬರ ಪೆಡಲೂ ತಾನೇ ಸುತ್ತುತ್ತದೆ. ನನ್ನ ಅಂಗಾಲಿಗೆ ಸ್ಪರ್ಶವಿಲ್ಲ. ಅಂದರೆ ನಾನು ಪೆಡಲನ್ನು ತುಳಿಯುತ್ತಿದ್ದೇನೆಯೇ, ಪೆಡಲೇ ನನ್ನ ಕಾಲನ್ನು ಸುತ್ತಿಸುತ್ತಿದೆಯೇ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಜಿಮ್ಮಿನ ಸೈಕಲ್ ಏನೋ ಅಂಕಿ ತೋರಿಸುತ್ತಿತ್ತು. ಆದರೆ ಜಿಮ್ಮಿನಲ್ಲಿ ಗುಡ್ಡವಿಲ್ಲ. ರಘುವನ್ನು ಕೇಳಿದರೆ, "ತುಳೀತಿದೀಯ, ತುಳೀತಿದೀಯ" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಅಂಕಿ ಇಳಿಯುತ್ತಿದ್ದಾಗ "ಚೆನ್ನಾಗಿದೆ, ಚೆನ್ನಾಗಿದೆ" ಎಂದದ್ದೂ ಇದೇ ದನಿಯಲ್ಲಿ. ನಾನು ಸವಾರಳೋ, ಸಾಮಾನೋ? ಈ ಪ್ರಶ್ನೆ ನನ್ನನ್ನು ಕಾಯಿಲೆಗಿಂತ ಹೆಚ್ಚು ಕೊರೆಯಿತು.

ಹೆಲೆನ್ ಗುಂಪು ನನಗಾಗಿ ಪ್ರವಾಸವನ್ನು ಈ ಸೆಪ್ಟೆಂಬರಿಗೆ ಮುಂದೂಡಿತ್ತು. ಅಲ್ಲಿ ಬಾಡಿಗೆಗೆ ಒಂದು ಟ್ಯಾಂಡೆಮ್ ಕಾದಿರಿಸಿತ್ತು. ಇಶಾಳನ್ನು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿರುವ ನನ್ನ ತಂಗಿಯ ಮನೆಗೆ ಕಳುಹಿಸಿ, ನಾವಿಬ್ಬರೂ ಹೊರಟೇಬಿಟ್ಟೆವು.

ಟುಲೂಸ್ ನಗರದಿಂದ ರೈಲಿನಲ್ಲಿ ಬಂದು ಹಳ್ಳಿಯೊಂದರ ಸೈಕಲ್ ಅಂಗಡಿಯ ಮುಂದೆ ನಿಂತಾಗ ರಘು ಜೇಬಿನಿಂದ ತೆಗೆದದ್ದು ಎರಡು ನಿಂಬೆಹಣ್ಣು. ಬೆಳಿಗ್ಗೆ ಸಂತೆಯಲ್ಲಿ ಕೊಂಡಿದ್ದರಂತೆ. ಎರಡು ಚಕ್ರಕ್ಕೆ ಎರಡು. ಅಂಗಡಿಯವನು ಹುಬ್ಬೇರಿಸಿದ. ಹೆಲೆನ್ ಅದೇನೋ ವಿವರಿಸಿದಳು. ಅವನು ಒಳಗೆ ಹೋಗಿ ಇನ್ನೊಂದು ನಿಂಬೆಹಣ್ಣು ತಂದು ತನ್ನ ವ್ಯಾನಿನ ಚಕ್ರದ ಕೆಳಗೆ ಇಟ್ಟುಕೊಂಡ.

ಆ ಐದಾರು ದಿನ! ಸೂರ್ಯಕಾಂತಿ ಒಣಗಿ ಕಪ್ಪಾಗಿ ತಲೆತಗ್ಗಿಸಿ ನಿಂತ ಹೊಲಗಳು. ಹಣ್ಣಾದ ದ್ರಾಕ್ಷಿಯ ವಾಸನೆ. ದೂರದ ಗುಡ್ಡದ ಮೇಲೆ ಚರ್ಚಿನ ಗೋಪುರ, ಅದರ ಸುತ್ತ ಜೇನಿನ ಬಣ್ಣದ ಕಲ್ಲಿನ ಮನೆಗಳು. ಊರು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಇಳಿಯಬೇಕು, ಹೊಳೆ ದಾಟಬೇಕು, ಮತ್ತೆ ಹತ್ತಬೇಕು. ಇಳಿಜಾರಿನಲ್ಲಿ ರಘು ದೇವರ ನಾಮ ಹೇಳುತ್ತಿದ್ದರು, ನಾನು ಕೇಕೆ ಹಾಕುತ್ತಿದ್ದೆ. ಊಟದ್ದು ಮಾತ್ರ ದೊಡ್ಡ ಕಥೆ. ಅದು ಬಾತುಕೋಳಿಯ ಸೀಮೆ. ಮಾಂಸ ಬೇಡವೆಂದರೆ ಸೊಪ್ಪಿನ ಮೇಲೆ ಬಾತುಕೋಳಿಯ ಸಣ್ಣ ಚೂರುಗಳನ್ನು ಹಾಕಿ, ಇದು ಬರೀ ಸಲಾಡ್ ಎಂದು ಪ್ರೀತಿಯಿಂದ ತಂದಿಡುತ್ತಾರೆ. ಮೊಟ್ಟೆಯನ್ನು ಕೇಕಿನೊಳಗಿದ್ದರೆ ಮಾತ್ರ ತಿನ್ನುವವರು ನಾವು. ಬ್ರೆಡ್ಡು, ಚೀಸು, ಪ್ಲಮ್ ಹಣ್ಣಿನ ಟಾರ್ಟು, ಮನೆಯಿಂದ ತಂದ ಗೊಜ್ಜವಲಕ್ಕಿ. ಹೆಲೆನ್ ಆ ಗೊಜ್ಜವಲಕ್ಕಿಯಲ್ಲಿ ಅರ್ಧ ಖಾಲಿ ಮಾಡಿದಳು.

ಆದರೂ ಪ್ರತಿ ಏರಿನಲ್ಲಿ ರಘುವಿನ ಬೆನ್ನು ಬೆವರಿನಿಂದ ತೊಯ್ದು ಹೋಗುವುದು ಕಂಡಾಗ ನನ್ನ ಸದ್ದು ಅಡಗುತ್ತಿತ್ತು. ಪಾಪ, ನನ್ನನ್ನೂ ಹೊತ್ತುಕೊಂಡು ಹತ್ತುತ್ತಿದ್ದಾರೆ. ಕೊನೆಯ ದಿನ ಅತಿ ಎತ್ತರದ ಊರಿನ ಬುಡದಲ್ಲಿ ಹೇಳಿಯೇಬಿಟ್ಟೆ.

"ನೀವು ಗುಂಪಿನ ಜೊತೆ ಸೈಕಲ್ಲಲ್ಲಿ ಬನ್ನಿ. ನಾನು ನಮ್ಮ ಸಾಮಾನು ತರೋ ವ್ಯಾನಲ್ಲಿ ಬರ್ತೀನಿ."

"ಯಾಕೆ?"

"ನೀವೇ ಎಳೀತಿದೀರ. ನಂಗೊತ್ತು."

ರಘು ಸೀಟು ಒರೆಸಿ, ಹತ್ತು ಎಂದು ಕಣ್ಣಲ್ಲೇ ಹೇಳಿದರು. ಹತ್ತಿದೆ.

ಏರು ಉದ್ದವಿತ್ತು. ತಿರುವಿನ ಮೇಲೆ ತಿರುವು. ಅತಿ ಸಣ್ಣ ಗೇರು, ಆಮೆಯ ವೇಗ. ಹೆಲೆನ್ ಮುಂದೆ ಹೋಗಿ ಕಾಣೆಯಾದಳು. ನಾನು ರಘುವಿನ ಬೆನ್ನು ನೋಡುತ್ತಾ, ಮನಸ್ಸಿನಲ್ಲೇ ತೊಡೆಗಳಿಗೆ ಅಪ್ಪಣೆ ಕೊಡುತ್ತಾ ಕುಳಿತಿದ್ದೆ. ಕೊನೆಯ ತಿರುವು ದಾಟಿದೆವು. ಊರಿನ ಕಲ್ಲಿನ ಬಾಗಿಲು ಕಂಡಿತು. ಬಾಗಿಲ ಪಕ್ಕದ ಬೆಂಚಿನ ಮೇಲೆ ಟೋಪಿ ಹಾಕಿದ ಮುದುಕನೊಬ್ಬ ಕುಳಿತಿದ್ದ.

"ಅಯ್ಯಯ್ಯೋ!" ಎಂದರು ರಘು. "ಮೀನಖಂಡ ಹಿಡ್ಕೊಂಡ್ತು ಕಣೇ!"

ಆಮೇಲೆ ಅವರು ಮಾಡಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಎರಡೂ ಪಾದಗಳನ್ನು ಪೆಡಲಿನಿಂದ ಎತ್ತಿಬಿಟ್ಟರು. ಎಡಗಾಲು ಎಡಕ್ಕೆ, ಬಲಗಾಲು ಬಲಕ್ಕೆ, ಗಾಳಿಯಲ್ಲಿ ಅಗಲವಾಗಿ ಚಾಚಿಕೊಂಡವು.

ಸೈಕಲ್ ನಿಲ್ಲಲಿಲ್ಲ.

ನೋಡಿದೆ. ಅವರ ಖಾಲಿ ಪೆಡಲುಗಳು ಸುತ್ತುತ್ತಿದ್ದವು. ಕೆಳಗೆ ನನ್ನ ಕಾಲುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಆ ಕಾಲುಗಳಲ್ಲದೆ ಆ ಸೈಕಲ್ಲನ್ನು ತುಳಿಯಲು ಬೇರೆ ಯಾರೂ ಇರಲಿಲ್ಲ.

"ರೀ, ನಾನೇ ತುಳೀತಿದೀನಿ ರೀ!"

"ಗೊತ್ತು ಕಣೇ! ನಿಲ್ಲಿಸ್ಬೇಡ!"

ಅಳುತ್ತಿದ್ದೆ. ಜೋರಾಗಿ, ಬಾಯಿಬಿಟ್ಟು ಅಳುತ್ತಾ ತುಳಿದೆ. ತೊಡೆ ಉರಿಯಿತು. ಎದೆ ಬಡಿದುಕೊಂಡಿತು. ಮುದುಕ ಎದ್ದು ನಿಂತು ಟೋಪಿ ಬೀಸುತ್ತಾ ಏನೋ ಕೂಗಿದ. ಕಾಲು ಚಾಚಿಕೊಂಡ ಗಂಡ ಮುಂದೆ, ಅಳುವ ಹೆಂಡತಿ ಹಿಂದೆ, ಊರ ಬಾಗಿಲಿನೊಳಗೆ ಹೀಗೇ ಹೋದೆವು.

ಚೌಕದಲ್ಲಿ ಟಾರ್ಟು ತಿನ್ನುತ್ತಾ ಕೇಳಿದೆ, "ಮೀನಖಂಡ ಎರಡೂ ಕಾಲಿಗೆ ಒಟ್ಟಿಗೆ ಹಿಡ್ಕೊಳ್ತಾ?"

"ನಂಗೆ ಸ್ವಲ್ಪ ವಯಸ್ಸಾಯ್ತು ನೋಡು," ಎಂದು ರಘು ನನ್ನ ತಟ್ಟೆಯ ಟಾರ್ಟಿಗೂ ಕೈಹಾಕಿದರು. ತಿನ್ನಲಿ ಎಂದು ಬಿಟ್ಟೆ.

ವಾಪಸ್ ಬಂದು ಕೆಲವು ವಾರವಾಯಿತು. ಅಂಗಾಲು ಇನ್ನೂ ಮರಗಟ್ಟಿಯೇ ಇದೆ. ಪೂರ್ತಿ ಸರಿಹೋಗದಿರಬಹುದು ಎಂದು ನ್ಯೂರಾಲಜಿಸ್ಟ್ ಹೇಳಿದ್ದಾರೆ. ಸಂಜೆಯಾದರೆ ಸುಸ್ತು ಬಂದು ಕವಿಯುತ್ತದೆ. ಕೆಲವು ದಿನ ಮೆಟ್ಟಿಲ ಕಂಬಿ ಬೇಕಾಗುತ್ತದೆ, ಹಿಡಿದುಕೊಳ್ಳುತ್ತೇನೆ.

ಮೊನ್ನೆ ಆಯುಧಪೂಜೆ. ಗ್ಯಾರೇಜಿನಲ್ಲಿ ಕಾರಿಗೆ, ನಮ್ಮ ಟ್ಯಾಂಡೆಮ್‌ಗೆ ಹೂವು ಏರಿಸಿ ಆಯಿತು. ನಾನು ಮೂಲೆಯ ರಟ್ಟಿನ ಡಬ್ಬಿಯಿಂದ ಆ ಕೆಂಪು ಶೂಗಳನ್ನು ಹೊರತೆಗೆದೆ. ಹೋದ ವರ್ಷ ಅಷ್ಟೆಲ್ಲ ಬೈಸಿಕೊಂಡವು. ಪಾಪ, ಅವುಗಳದ್ದೇನೂ ತಪ್ಪಿರಲಿಲ್ಲ. ಧೂಳು ಒರೆಸಿ, ಒಂದೊಂದಕ್ಕೂ ಬೊಟ್ಟಿನಷ್ಟು ಕುಂಕುಮ ಇಟ್ಟೆ.

"ಅಮ್ಮಾ, ಶೂಸ್‌ಗೆ ಪೂಜಾನಾ? ಅಜ್ಜಿ ವಿಲ್ ಫೇಂಟ್," ಎಂದಳು ಇಶಾ.

"ಅಜ್ಜಿಗೆ ಹೇಳ್ಬೇಡ," ಎಂದು ಶೂ ಹಾಕಿಕೊಂಡೆ. ಪಟ್ಟಿ ಬಿಗಿದೆ. ಸರಿಯಾಗಿಯೇ ಇವೆ, ಸ್ವಲ್ಪವೂ ಬಿಗಿಯಿಲ್ಲ.